ಬೀಗದ ಕೈ ಅವರ ಹತ್ತಿರ ಯಾಕಿದೆ? ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್,
45 ಎಲ್ ಸ್ಟ್ರೀಟ್ ಎನ್‌ಇ, ವಾಷಿಂಗ್ಟನ್ ಡಿ.ಸಿ.

ವಿಷಯ: ಫೋನ್ ಅನ್‌ಲಾಕ್ ನಿಯಮ, ಕಡತ ಸಂಖ್ಯೆ ಡಬ್ಲ್ಯುಟಿ 24-186

ಮಾನ್ಯರೇ,

ನಾನು ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಊರು ಮೈಸೂರು. ನಿಮ್ಮ ಕಡತಕ್ಕೆ ಸೇರಿಸಲು ಇಂಗ್ಲಿಷಿನಲ್ಲಿ ಬೇರೆ ಬರೆಯುತ್ತಿದ್ದೇನೆ. ಇದನ್ನು ಮಾತ್ರ ಕನ್ನಡದಲ್ಲೇ ಬರೆಯಬೇಕು ಅನ್ನಿಸಿತು. ವೆರೈಜನ್ ಎಂಬ ದೊಡ್ಡ ಫೋನ್ ಕಂಪನಿ ತನ್ನ ಫೋನುಗಳನ್ನು 60 ದಿನಕ್ಕೆ ಅನ್‌ಲಾಕ್ ಮಾಡಬೇಕು, ಅಂದರೆ ಬೇರೆ ಕಂಪನಿಯ ಸಿಮ್ ಒಪ್ಪುವ ಹಾಗೆ ಮಾಡಬೇಕು ಎಂಬ ನಿಯಮವನ್ನು ತೆಗೆದು 2026ರ ಜನವರಿ 12ರಂದು ನಿಮ್ಮ ಕಚೇರಿ ಕೊಟ್ಟ ಆದೇಶ ಇಲ್ಲಿರುವ ಕನ್ನಡಿಗರ ಮನೆಗಳಿಗೂ ಮುಟ್ಟುತ್ತದೆ, ಊರಲ್ಲಿರುವ ಅವರ ಅಪ್ಪ ಅಮ್ಮಂದಿರಿಗೂ ಮುಟ್ಟುತ್ತದೆ. ಆದರೆ ಅದರ ಸುದ್ದಿ ನನಗೆ ಗೊತ್ತಿರುವ ಹತ್ತು ಮನೆಗಳಲ್ಲಿ ಒಬ್ಬರಿಗೂ ತಲುಪಿರಲಿಲ್ಲ.

ಮೊದಲು ನನಗೆ ಆದದ್ದನ್ನು ಹೇಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಅಪ್ಪನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಬೇಕು ಅಂದರು. ಸಿಕ್ಕಿದ ವಿಮಾನ ಹತ್ತಿ ಹೊರಟೆ. ಬೆಂಗಳೂರಿನಲ್ಲಿ ಇಳಿದಾಗ ರಾತ್ರಿ ಎರಡು ಗಂಟೆ. ವಿಮಾನ ನಿಲ್ದಾಣದಲ್ಲೇ ಒಂದು ಪ್ರೀಪೇಯ್ಡ್ ಸಿಮ್ ತೆಗೆದುಕೊಂಡೆ. ಫೋನಿಗೆ ಹಾಕಿದರೆ ಈ ಸಿಮ್ ಇದರಲ್ಲಿ ನಡೆಯುವುದಿಲ್ಲ ಎಂದು ಪರದೆಯ ಮೇಲೆ ಬಂತು. ತೆಗೆದು, ಒರೆಸಿ, ಮತ್ತೆ ಹಾಕಿದೆ. ಮತ್ತೆ ಅದೇ. ಕೌಂಟರಿನಲ್ಲಿದ್ದ ಹುಡುಗ ಅದನ್ನು ತನ್ನ ಫೋನಿಗೆ ಹಾಕಿ ನೋಡಿದ. ಸಿಮ್ ಸರಿಯಾಗೇ ಇತ್ತು. "ಮೇಡಂ, ನಿಮ್ಮ ಫೋನ್ ಲಾಕ್ ಆಗಿದೆ" ಅಂದ.

ಮೈಸೂರಿನ ಫ್ಲೈಬಸ್ ಹತ್ತಿ ಕೂತೆ. ನಾಲ್ಕು ಗಂಟೆ ದಾರಿ. ಆಸ್ಪತ್ರೆಯಲ್ಲಿ ಅಪ್ಪನ ಜೊತೆ ತಮ್ಮ ಇದ್ದ. ನಾನು ಇಳಿದೆನೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಅಪ್ಪ ಹೇಗಿದ್ದಾರೆ ಅಂತ ನನಗೆ ಗೊತ್ತಿಲ್ಲ. ಕೈಯಲ್ಲಿ ಫೋನಿದೆ, ಜೇಬಿನಲ್ಲಿ ಸಿಮ್ ಇದೆ. ಎರಡಕ್ಕೂ ನಾನೇ ದುಡ್ಡು ಕೊಟ್ಟಿದ್ದೇನೆ. ನನ್ನ ಪಾಡು ನೋಡಿ ಪಕ್ಕದ ಸೀಟಿನಲ್ಲಿದ್ದ ಹಿರಿಯರೊಬ್ಬರು "ತಗೊಳಮ್ಮ, ನನ್ನದರಲ್ಲಿ ಮಾಡು" ಎಂದು ತಮ್ಮ ಫೋನ್ ಕೊಟ್ಟರು. ಮದ್ದೂರು ದಾಟುವಾಗ ತಮ್ಮ ಸಿಕ್ಕಿದ. "ಅಕ್ಕ, ಈಗ ತಾನೇ ಒಳಗೆ ಕರ್ಕೊಂಡು ಹೋದ್ರು. ಹೋಗೋ ಮುಂಚೆ ಅಪ್ಪ ನಿನ್ನ ಹತ್ರ ಮಾತಾಡ್ಬೇಕು ಅಂತಿದ್ರು. ಎಷ್ಟು ಸಲ ಮಾಡ್ದೆ ಗೊತ್ತಾ?" ಅಂದ.

ಅಪ್ಪ ಈಗ ಚೆನ್ನಾಗಿದ್ದಾರೆ. ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಆದರೆ ಆ ನಾಲ್ಕು ಗಂಟೆ ನನ್ನ ತಲೆಯಿಂದ ಹೋಗುತ್ತಿಲ್ಲ.

ಆ ಫೋನು ಸಾಲದ್ದೂ ಅಲ್ಲ, ಕಂತಿನದ್ದೂ ಅಲ್ಲ. 2025ರ ಮೇ ತಿಂಗಳಲ್ಲಿ ಅಂಗಡಿಗೆ ಹೋಗಿ ಕೊಂಡದ್ದು. ಬೆಲೆ 280 ಡಾಲರ್. ಪ್ರೀಪೇಯ್ಡ್ ಪ್ಲಾನ್ ಜೊತೆ ತೆಗೆದುಕೊಂಡಿದ್ದಕ್ಕೆ 100 ಡಾಲರ್ ರಿಯಾಯಿತಿ. ಉಳಿದ 180 ಅಲ್ಲೇ ಎಣಿಸಿ ಕೊಟ್ಟೆ. ತಿಂಗಳ ದುಡ್ಡು ಒಂದು ದಿನವೂ ತಡಮಾಡದೆ ಕಟ್ಟಿಕೊಂಡು ಬಂದಿದ್ದೆ. 365 ದಿನ ಆಗುವವರೆಗೆ ಬೇರೆ ಕಂಪನಿಯ ಸಿಮ್ ಹಾಕುವಂತಿಲ್ಲ ಎಂಬುದು ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತಂತೆ. ನಾನು ನೋಡಿರಲಿಲ್ಲ. ಅದು ನನ್ನ ತಪ್ಪೇ, ಒಪ್ಪುತ್ತೇನೆ.

ಮಾರನೆಯ ದಿನ ತಮ್ಮನ ಫೋನಿನ ಹಾಟ್‌ಸ್ಪಾಟ್ ಹಿಡಿದು ಕಂಪನಿಯ ಚಾಟ್‌ನಲ್ಲಿ ಕೂತೆ. ಕಂಪನಿಯ ಹೆಸರು ಇಲ್ಲಿ ಬೇಡ. ಅಪ್ಪನ ವಿಷಯ ಹೇಳಿದೆ. ಇನ್ನೂ ಐದು ತಿಂಗಳು ಬಾಕಿ ಇದೆ, ಆಮೇಲೆ ತಾನಾಗೇ ಬಿಡುತ್ತದೆ ಎಂಬ ಉತ್ತರ ಬಂತು. ಆಗ ನಾನೊಂದು ಮಾತು ಕೇಳಿದೆ. ರಿಯಾಯಿತಿ ಕೊಟ್ಟಿದ್ದಕ್ಕೇ ತಾನೇ ಲಾಕ್? ಆ 100 ಡಾಲರ್ ಈಗಲೇ ವಾಪಸ್ ಕಟ್ಟುತ್ತೇನೆ, ಲಾಕ್ ತೆಗೆಯಿರಿ. ಐದಾರು ನಿಮಿಷ ಕಾಯಿಸಿ ಆ ಕಡೆಯವರು ಬರೆದರು: ಅಂಥ ಅವಕಾಶ ನಮ್ಮಲ್ಲಿ ಇಲ್ಲ.

ದೇವರಾಜ ಅರಸು ರಸ್ತೆಯ ಒಂದು ಮೊಬೈಲ್ ಅಂಗಡಿಗೂ ಹೋದೆ. ಅಂಗಡಿಯ ಹುಡುಗ ತಿರುಗಿಸಿ ಮುರುಗಿಸಿ ನೋಡಿ, "ಅಕ್ಕ, ಇದು ಅಮೆರಿಕ ಲಾಕು. ಹಳೇ ಐಫೋನ್ ಆಗಿದ್ರೆ ಸಿಮ್ ಕೆಳಗೆ ಒಂದು ತೆಳು ಚಿಪ್ ಇಟ್ಟು ಏನೋ ಮಾಡ್ತಿದ್ವಿ. ಇದು ನಮ್ಮ ಕೈಲಿ ಆಗಲ್ಲ" ಅಂದ. ಕೊನೆಗೆ ಅಮ್ಮನ ಹಳೆಯ ಬಟನ್ ಫೋನಿಗೆ ಹೊಸ ಸಿಮ್ ಹಾಕಿಕೊಂಡು ಮೂರು ವಾರ ಕಳೆದೆ.

ಅಮ್ಮನಿಗೆ ಇದನ್ನೆಲ್ಲ ವಿವರಿಸಲು ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು. "ಪೂರ್ತಿ ದುಡ್ಡು ಕೊಟ್ಟಿದ್ದೀಯ ತಾನೇ? ಮತ್ತೆ ಬೀಗದ ಕೈ ಅವರ ಹತ್ರ ಯಾಕಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಲಂಬಸ್‌ಗೆ ವಾಪಸ್ ಬಂದು ಸೂಟ್‌ಕೇಸ್ ಬಿಚ್ಚುವಷ್ಟರಲ್ಲಿ ನಿಮ್ಮ ಆದೇಶದ ಸುದ್ದಿ ಓದಿದೆ. ಹಾಗಾಗಿ ಅಮ್ಮನ ಪ್ರಶ್ನೆಯನ್ನು ನಿಮಗೇ ಕೇಳುತ್ತಿದ್ದೇನೆ.

ಕನ್ನಡದಲ್ಲಿ ಓದುತ್ತಿರುವವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಫೋನ್ ಲಾಕ್ ಎಂದರೆ ಒಳಗೊಂದು ಯಂತ್ರ ಕೂತಿರುತ್ತದೆ ಎಂದಲ್ಲ. ಅದು ಬರೀ ಸಾಫ್ಟ್‌ವೇರ್. ಯಾವ ಕಂಪನಿಯ ಸಿಮ್ ಒಪ್ಪಬೇಕು, ಯಾವುದನ್ನು ಒಪ್ಪಬಾರದು ಎಂದು ಫೋನಿಗೆ ಹೇಳಿಟ್ಟಿರುತ್ತಾರೆ. ಅಷ್ಟೇ. ಈಗಿನ ಇ-ಸಿಮ್‌ಗೂ ಅದೇ ಕಟ್ಟು. ತೆಗೆಯಬೇಕು ಎಂದು ಅವರು ಮನಸ್ಸು ಮಾಡಿದರೆ ದೂರದಿಂದಲೇ ತೆಗೆಯಬಹುದು.

2007ರಲ್ಲಿ ನಿಮ್ಮ ಕಮಿಷನ್ ಒಂದು ಒಳ್ಳೆಯ ಕೆಲಸ ಮಾಡಿತು. ಟಿವಿ ಚಾನೆಲ್‌ಗಳು ಬಿಟ್ಟುಕೊಟ್ಟ 700 ಮೆಗಾಹರ್ಟ್ಸ್ ತರಂಗಾಂತರವನ್ನು ಹರಾಜಿಗೆ ಇಡುವಾಗ, ಅದರಲ್ಲಿ ಸಿ ಬ್ಲಾಕ್ ಎಂಬ ದೊಡ್ಡ ಭಾಗಕ್ಕೆ ಒಂದು ಷರತ್ತು ಹಾಕಿತು. ತರಂಗಾಂತರ ಎಂಬ ಪದ 2ಜಿ ಹಗರಣದ ಕಾಲದಲ್ಲಿ ನಮ್ಮವರಿಗೆಲ್ಲ ಪರಿಚಯ ಆಯಿತಲ್ಲ, ಅದೇ. ಷರತ್ತು ಸರಳ. ಇದನ್ನು ಕೊಂಡವರು ತಮ್ಮ ಗ್ರಾಹಕರಿಗೆ ಮಾರುವ ಫೋನುಗಳನ್ನು ಲಾಕ್ ಮಾಡುವಂತಿಲ್ಲ. ವೆರೈಜನ್ ಕಂಪನಿ ಆ ನಿಯಮದ ವಿರುದ್ಧ ಕೋರ್ಟಿಗೆ ಹೋಯಿತು. ಆಮೇಲೆ ಕೇಸು ವಾಪಸ್ ತೆಗೆದುಕೊಂಡಿತು. 2008ರ ಹರಾಜಿನಲ್ಲಿ ಅದೇ ಕಂಪನಿ ಸುಮಾರು 470 ಕೋಟಿ ಡಾಲರ್ ಕೊಟ್ಟು ಸಿ ಬ್ಲಾಕಿನ ಬಹುಪಾಲು ಕೊಂಡಿತು.

470 ಕೋಟಿ ಡಾಲರ್ ಸಣ್ಣ ದುಡ್ಡೇನಲ್ಲ. ಆದರೆ ಅದೇ ಹರಾಜಿನಲ್ಲಿ ಷರತ್ತಿಲ್ಲದ ಬಿ ಬ್ಲಾಕ್ ಹೋದ ದರಕ್ಕೆ ಹೋಲಿಸಿ ನೋಡಿ. ಪ್ರತಿ ಮೆಗಾಹರ್ಟ್ಸ್‌ಗೆ, ಪ್ರತಿ ತಲೆಗೆ ಲೆಕ್ಕ ಹಾಕಿದರೆ ಸಿ ಬ್ಲಾಕ್ ಬಹಳ ಅಗ್ಗ. ಷರತ್ತು ಇದ್ದ ಮಾಲಿಗೆ ಬೆಲೆ ಕಡಿಮೆ ಬರುತ್ತದೆ, ಅದು ಸಹಜ. ನನ್ನ ಫೋನಿಗೂ ಷರತ್ತಿತ್ತು, ಅದಕ್ಕೇ 100 ಡಾಲರ್ ಕಡಿಮೆ.

ಈಗ ನೋಡಿ. ನನ್ನ ರಿಯಾಯಿತಿಯ ಷರತ್ತು 365 ದಿನ. ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಅಂದರೂ ಒಂದು ದಿನ ಕಡಿಮೆ ಆಗಲಿಲ್ಲ. ದುಡ್ಡು ವಾಪಸ್ ಕೊಡುತ್ತೇನೆ ಅಂದರೂ ಆಗಲಿಲ್ಲ. ವೆರೈಜನ್‌ಗೆ ಸಿಕ್ಕ ರಿಯಾಯಿತಿಯ ಷರತ್ತು ಏನಾಯಿತು? 2019ರ ಜೂನ್‌ನಲ್ಲಿ ಮೊದಲ ಸಲ ಸಡಿಲ ಮಾಡಿದಿರಿ. ಫೋನ್ ಚಾಲೂ ಆದ ಮೇಲೆ 60 ದಿನ ಲಾಕ್ ಇಡಬಹುದು ಎಂದಿರಿ. 2021ರಲ್ಲಿ ವೆರೈಜನ್ ಟ್ರಾಕ್‌ಫೋನ್ ಕಂಪನಿಯನ್ನು ಕೊಳ್ಳುವಾಗ, ಅದರ ಫೋನುಗಳಿಗೂ 60 ದಿನದ ನಿಯಮ ಅನ್ವಯಿಸುತ್ತದೆ ಎಂದು ಒಪ್ಪಿಸಿ ಅನುಮತಿ ಕೊಟ್ಟಿರಿ. ಈ ವರ್ಷ ಆ 60 ದಿನವನ್ನೂ ತೆಗೆದುಹಾಕಿದಿರಿ. ಇನ್ನು ಮುಂದೆ ಅವರು ಕಂಪನಿಗಳ ಸಂಘ ಸಿಟಿಐಎ ತನಗೆ ತಾನೇ ಬರೆದುಕೊಂಡ ಸಂಹಿತೆಯನ್ನು ಪಾಲಿಸಿದರೆ ಸಾಕು. ಅದರ ಪ್ರಕಾರ ಕಂತಿನ ಫೋನನ್ನು ಕಂತು ತೀರಿದ ಮೇಲೆ ಬಿಡಬಹುದು. ಪ್ರೀಪೇಯ್ಡ್ ಫೋನನ್ನು ಒಂದು ವರ್ಷದವರೆಗೆ ಇಟ್ಟುಕೊಳ್ಳಬಹುದು.

ಅವರು ತರಂಗಾಂತರ ವಾಪಸ್ ಕೊಟ್ಟರಾ? ರಿಯಾಯಿತಿಯ ದುಡ್ಡು ವಾಪಸ್ ಕಟ್ಟಿದರಾ? ಇಲ್ಲ. 180 ಡಾಲರ್ ಕೊಟ್ಟವಳಿಗೆ ಷರತ್ತು ಕಬ್ಬಿಣ. ಕೋಟಿಗಟ್ಟಲೆ ಕೊಟ್ಟವರಿಗೆ ಬೆಣ್ಣೆ. ನನಗೆ ಅತಿ ಹೆಚ್ಚು ನೋವಾದದ್ದು ಇಲ್ಲೇ.

ಕಂಪನಿಗಳು ಕೊಡುವ ಕಾರಣಗಳನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಕೂತು ಓದಿದ್ದೇನೆ. ಮೊದಲನೆಯದು ಮೋಸ. ಬೇರೆಯವರ ಹೆಸರಲ್ಲಿ ಖಾತೆ ತೆರೆಯುತ್ತಾರೆ, ರಿಯಾಯಿತಿ ದರದ ಫೋನ್ ಎತ್ತಿಕೊಂಡು ಹೋಗುತ್ತಾರೆ, ಅನ್‌ಲಾಕ್ ಆದೊಡನೆ ಹೊರದೇಶಕ್ಕೆ ಸಾಗಿಸುತ್ತಾರೆ. ಅಮೆರಿಕದಲ್ಲಿ ಕಳವು ಫೋನಿನ ಐಎಂಇಐ, ಅಂದರೆ ಗುರುತಿನ ನಂಬರನ್ನು, ತಡೆಯುವ ಪಟ್ಟಿಗೆ ಸೇರಿಸಿದರೂ, ಆ ಪಟ್ಟಿ ನೋಡದ ದೇಶಗಳಲ್ಲಿ ಫೋನ್ ನಡೆಯುತ್ತದೆ. ಇದು ನಿಜವಾದ ತೊಂದರೆ. ನಷ್ಟವೂ ನಿಜ.

ಆದರೆ ಈ ಮೋಸ ಯಾವಾಗ ಗೊತ್ತಾಗುತ್ತದೆ? ಮೊದಲ ಬಿಲ್ ಬಂದಾಗ. ಹೆಚ್ಚೆಂದರೆ ಎರಡನೆಯದಕ್ಕೆ. ಬೇರೆಯವರ ಹೆಸರಲ್ಲಿ ಫೋನ್ ಎತ್ತಿದವನು ಬಿಲ್ ಕಟ್ಟಿಕೊಂಡು ಕೂರುವುದಿಲ್ಲ. 2019ರಲ್ಲಿ 60 ದಿನ ಸಾಕು ಎಂದು ಕೇಳಿದ್ದು ವೆರೈಜನ್ ಕಂಪನಿಯೇ. ಒಪ್ಪಿದ್ದು ನೀವೇ. ಈಗ ಅದೇ ಕಂಪನಿ, 60 ದಿನದ ನಿಯಮವೇ ವಿದೇಶದ ಕಳ್ಳರ ಗುಂಪುಗಳಿಗೆ ನೆರವಾಗುತ್ತಿದೆ ಎನ್ನುತ್ತದೆ. ಇರಬಹುದು. ಹಾಗಾದರೆ 90 ದಿನ ಕೇಳಬಹುದಿತ್ತು, ಕೊಳ್ಳುವವರ ಗುರುತನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಬಹುದಿತ್ತು. ಏಳು ತಿಂಗಳು ಒಂದೇ ಸಮನೆ ದುಡ್ಡು ಕಟ್ಟಿದವಳು ಯಾವ ಮೋಸ ಮಾಡಲು ಕಾಯುತ್ತಿದ್ದಾಳೆ, ಹೇಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತು ನಮ್ಮಲ್ಲಿದೆ. ನನಗೆ ಅದೇ ನೆನಪಾಯಿತು.

ಲಾಕ್ ಇದ್ದರೆ ಕಳ್ಳರು ಹೆದರುತ್ತಾರೆ ಎನ್ನುವುದೂ ಪೂರ್ತಿ ನಿಜವಲ್ಲ. ವೆರೈಜನ್ ಥರದ್ದೇ ಇನ್ನೊಂದು ದೊಡ್ಡ ಕಂಪನಿ ಎಟಿ ಆ್ಯಂಡ್ ಟಿಯ ಪ್ರಕರಣ ನಿಮಗೆ ಚೆನ್ನಾಗಿ ಗೊತ್ತು. ವಾಷಿಂಗ್ಟನ್ ರಾಜ್ಯದ ಬಾಥೆಲ್ ಎಂಬಲ್ಲಿದ್ದ ಅದರ ಕಾಲ್ ಸೆಂಟರಿನ ನೌಕರರಿಗೆ ಲಂಚ ಕೊಟ್ಟು, ಕಂಪನಿಯ ಕಂಪ್ಯೂಟರಿಗೆ ಕಳ್ಳ ಸಾಫ್ಟ್‌ವೇರ್ ಹಾಕಿಸಿ, ಒಂದು ಗುಂಪು ಸುಮಾರು 19 ಲಕ್ಷ ಫೋನುಗಳ ಲಾಕ್ ತೆಗೆಸಿತು. ಕಂಪನಿಗೆ 20 ಕೋಟಿ ಡಾಲರ್‌ಗಿಂತ ಜಾಸ್ತಿ ನಷ್ಟ. 2021ರಲ್ಲಿ ಮುಖ್ಯ ಆರೋಪಿಗೆ ಹನ್ನೆರಡು ವರ್ಷ ಶಿಕ್ಷೆ ಆಯಿತು. ಕಳ್ಳರಿಗೆ ಬೀಗ ತೆರೆಯುವ ದಾರಿ ಸಿಕ್ಕಿತು. ಫ್ಲೈಬಸ್‌ನಲ್ಲಿ ಕೂತಿದ್ದ ನನಗೆ ಸಿಗಲಿಲ್ಲ.

ಎರಡನೆಯ ಕಾರಣ ರಿಯಾಯಿತಿ. 2024ರ ಜುಲೈನಲ್ಲಿ ನೀವು ಎಲ್ಲ ಕಂಪನಿಗಳಿಗೂ 60 ದಿನದ ಒಂದೇ ನಿಯಮ ತರುವ ಪ್ರಸ್ತಾವ ಮಾಡಿದಿರಿ. ಅದನ್ನು ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಎಟಿ ಆ್ಯಂಡ್ ಟಿ, ಟಿ-ಮೊಬೈಲ್ ಎರಡೂ ವಿರೋಧಿಸಿದವು. ಲಾಕ್ ಹೋದರೆ ತನ್ನ ಪ್ರೀಪೇಯ್ಡ್ ಗ್ರಾಹಕರಿಗೆ ಸಿಗುವ ರಿಯಾಯಿತಿ ಶೇಕಡ 40ರಿಂದ 70ರಷ್ಟು ಇಳಿಯುತ್ತದೆ ಎಂದು ಟಿ-ಮೊಬೈಲ್ ಬರೆದುಕೊಟ್ಟಿತು. ಬಡವರಿಗೇ ತೊಂದರೆ ಎಂಬ ಅರ್ಥದಲ್ಲಿ.

ಬಡವರ ಹೆಸರು ಬಂದಾಗ ನಾನು ನಿಧಾನವಾಗಿ ಓದುತ್ತೇನೆ. ಪ್ರೀಪೇಯ್ಡ್ ಫೋನ್ ಕೊಳ್ಳುವವರು ಯಾರು? ಸಾಲದ ಇತಿಹಾಸ ಇಲ್ಲದವರು, ಹೊಸದಾಗಿ ಈ ದೇಶಕ್ಕೆ ಬಂದವರು, ತಿಂಗಳ ಕೂಲಿಯಲ್ಲಿ ಬದುಕುವವರು. ಅಗ್ಗದ ಪ್ಲಾನ್ ಸಿಕ್ಕಿದರೆ ಆ ಕಡೆ ಹೋಗಬೇಕಾದವರು ಅವರೇ. ತಿಂಗಳಿಗೆ 15 ಡಾಲರ್ ಉಳಿದರೂ ಅವರಿಗೆ ಅದು ದೊಡ್ಡದು. ಲಾಕ್ ಆದ ಫೋನ್ ಇಟ್ಟುಕೊಂಡು ಅವರು ಒಂದು ವರ್ಷ ಎಲ್ಲಿಗೂ ಹೋಗುವಂತಿಲ್ಲ. ಮೊದಲ ದಿನ ಕೊಟ್ಟ 100 ಡಾಲರನ್ನು ತಿಂಗಳು ತಿಂಗಳು ವಾಪಸ್ ಪಡೆಯುವ ಏರ್ಪಾಡು ಇದು. ಏರ್ಪಾಡು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಸಾಲ ಅಂತಲೇ ಬರೆಯಿರಿ. ಸಾಲ ಅಂದಮೇಲೆ ತೀರಿಸುವ ದಾರಿ ಇರಬೇಕು. ನನ್ನ 100 ಡಾಲರನ್ನು ತೆಗೆದುಕೊಳ್ಳಲು ಕಂಪನಿ ಒಪ್ಪಲಿಲ್ಲ ನೋಡಿ, ಲಾಕ್ ಇದ್ದದ್ದು ರಿಯಾಯಿತಿಗಾಗಿ ಅಲ್ಲ ಎಂದು ನನಗೆ ಖಚಿತವಾದದ್ದು ಆಗಲೇ.

ಕಂತಿನ ಫೋನುಗಳ ಕಥೆ ಇನ್ನೂ ವಿಚಿತ್ರ. ಇಲ್ಲಿ ಈಗ 36 ತಿಂಗಳ ಕಂತು ಮಾಮೂಲಿ. ರಿಯಾಯಿತಿಯನ್ನೂ ಒಟ್ಟಿಗೆ ಕೊಡುವುದಿಲ್ಲ, 36 ಭಾಗ ಮಾಡಿ ಪ್ರತಿ ತಿಂಗಳ ಬಿಲ್ಲಿನಲ್ಲಿ ಕಳೆಯುತ್ತಾರೆ. ಮಧ್ಯೆ ಬಿಟ್ಟು ಹೋದರೆ ಉಳಿದ ರಿಯಾಯಿತಿ ಹೋಯಿತು, ಬಾಕಿ ಬೆಲೆಯನ್ನೆಲ್ಲ ಕಟ್ಟಬೇಕು. ಕಟ್ಟದಿದ್ದರೆ ಕ್ರೆಡಿಟ್ ಸ್ಕೋರ್ ಬೀಳುತ್ತದೆ, ವಸೂಲಿಯವರ ಫೋನ್ ಬರುತ್ತದೆ. ಕಂಪನಿಯ ಹಣಕ್ಕೆ ಇಷ್ಟು ಭದ್ರತೆ ಆಗಲೇ ಇದೆ. ಅದರ ಮೇಲೆ ಲಾಕ್ ಯಾಕೆ? ಕಂತು ಸರಿಯಾಗಿ ಕಟ್ಟುತ್ತಿರುವವರು ಮೂರು ವಾರ ಊರಿಗೆ ಹೋದಾಗ ಅಲ್ಲಿನ ಸಿಮ್ ಹಾಕಿಕೊಂಡರೆ ಯಾರಿಗೆ ನಷ್ಟ? ಅವರ ರೋಮಿಂಗ್ ದುಡ್ಡಿಗೆ ನಷ್ಟ. ದೊಡ್ಡ ಕಂಪನಿಗಳ ಹೊರದೇಶದ ಡೇ ಪಾಸ್ ದಿನಕ್ಕೆ 12 ಡಾಲರ್ ಆಸುಪಾಸು. ನಮ್ಮಲ್ಲಿ ಸುಮಾರು 300-350 ರೂಪಾಯಿಗೆ 28 ದಿನದ ಪ್ಯಾಕ್ ಬರುತ್ತದೆ. ಕಂಪನಿಗಳು ನಿಮಗೆ ಬರೆದ ಪತ್ರಗಳಲ್ಲಿ ಕಳ್ಳರ ಬಗ್ಗೆ ಪುಟಗಟ್ಟಲೆ ಇದೆ. ಈ ಲೆಕ್ಕದ ಬಗ್ಗೆ ನಾನು ಓದಿದ ಪುಟಗಳಲ್ಲಿ ಒಂದು ಸಾಲೂ ಕಾಣಲಿಲ್ಲ.

ಮೂರನೆಯ ಕಾರಣ, ತನಗೊಬ್ಬನಿಗೇ ಈ ನಿಯಮ, ಬೇರೆಯವರಿಗಿಲ್ಲ ಎಂಬ ವೆರೈಜನ್ ದೂರು. ದೂರು ನ್ಯಾಯವಾದದ್ದೇ. ಆದರೆ ಅದಕ್ಕೆ ಮದ್ದು ನಿಮ್ಮ 2024ರ ಪ್ರಸ್ತಾವದಲ್ಲೇ ಇತ್ತು. ಎಲ್ಲರಿಗೂ ಒಂದೇ ನಿಯಮ. ಕಟ್ಟುಪಾಡು ಇದ್ದ ಒಬ್ಬನನ್ನೂ ಬಿಟ್ಟುಬಿಟ್ಟರೆ ಸಮಾನತೆ ಬಂದಂತೆ ಕಾಣುತ್ತದೆ, ಗ್ರಾಹಕರ ಪಾಲಿಗೆ ಮಾತ್ರ ಏನೂ ಉಳಿಯುವುದಿಲ್ಲ.

ಅದೇ ಸಿಟಿಐಎ ಸಂಹಿತೆಯಲ್ಲಿ ಇನ್ನೊಂದು ಸಾಲಿದೆ. ಕರ್ತವ್ಯದ ಮೇಲೆ ಬೇರೆ ಕಡೆ ನಿಯೋಜನೆಯಾದ ಸೈನಿಕರು ಕಾಗದಪತ್ರ ತೋರಿಸಿದರೆ ಲಾಕ್ ತೆಗೆದುಕೊಡುತ್ತೇವೆ ಎಂದು ಕಂಪನಿಗಳು ಒಪ್ಪಿವೆ. ಒಳ್ಳೆಯದು, ಅವರಿಗೆ ಸಲ್ಲಬೇಕಾದದ್ದೇ. ದೂರ ಹೋದವರಿಗೆ ಅಲ್ಲಿನ ಸಿಮ್ ಬೇಕಾಗುತ್ತದೆ ಎಂದು ಕಂಪನಿಗಳಿಗೂ ಗೊತ್ತು ಎಂದಾಯಿತು. ತೆಗೆಯಲು ಬರುತ್ತದೆ ಎಂದೂ ಆಯಿತು. ಆಸ್ಪತ್ರೆಯ ಕಾಗದ ತೋರಿಸಬಲ್ಲ ಮಗಳಿಗೆ ಯಾಕೆ ಆಗುವುದಿಲ್ಲ?

ಈ ದೇಶದ ಗ್ರಾಹಕರು ಇದನ್ನು ಸುಮ್ಮನೆ ಸಹಿಸಿಕೊಂಡು ಬಂದಿಲ್ಲ. ನನಗೆ ಈ ದೇಶದ ಮೇಲೆ ಗೌರವ ಜಾಸ್ತಿ ಆದದ್ದು ಈ ಇತಿಹಾಸ ಓದಿಯೇ. 1998ರ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿನ ಕೆಳಗೆ ಫೋನ್ ಅನ್‌ಲಾಕ್ ಮಾಡುವುದು ಅಪರಾಧ ಆಗಬಹುದಿತ್ತು. ಇಲ್ಲಿ ಕೃತಿಸ್ವಾಮ್ಯದ ಉಸ್ತುವಾರಿ ನೋಡುವ ಸಂಸತ್ತಿನ ಗ್ರಂಥಾಲಯ, ಲೈಬ್ರರಿ ಆಫ್ ಕಾಂಗ್ರೆಸ್, 2006ರಿಂದ ಅದಕ್ಕೆ ವಿನಾಯಿತಿ ಕೊಟ್ಟಿತ್ತು. 2013ರ ಜನವರಿಯಲ್ಲಿ ಹೊಸ ಫೋನುಗಳಿಗೆ ಆ ವಿನಾಯಿತಿ ನಿಂತುಹೋಯಿತು. ನಮ್ಮದೇ ಫೋನ್, ನಾವೇ ಬಿಡಿಸಿಕೊಂಡರೆ ನಾವೇ ಅಪರಾಧಿಗಳು. ಜನ ಶ್ವೇತಭವನಕ್ಕೆ ಮನವಿ ಬರೆದರು. 1,14,000ಕ್ಕೂ ಜಾಸ್ತಿ ಸಹಿ ಬಿತ್ತು. ದುಡ್ಡು ಕೊಟ್ಟು ಕೊಂಡ, ಯಾವ ಒಪ್ಪಂದದ ಬಾಕಿಯೂ ಇಲ್ಲದ ಫೋನನ್ನು ಬೇರೆ ಕಂಪನಿಯಲ್ಲಿ ಬಳಸಲು ಜನರಿಗೆ ಆಗಬೇಕು ಎಂದು ಮಾರ್ಚ್ ತಿಂಗಳಲ್ಲಿ ಶ್ವೇತಭವನ ಉತ್ತರ ಕೊಟ್ಟಿತು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಹಾಕಿ ಅದು ಕಾನೂನಾಯಿತು.

ಆದರೆ ಆ ಕಾನೂನು ಅರ್ಧ ದಾರಿಗೇ ನಿಂತಿತು. ನಾವು ಬಿಡಿಸಿಕೊಂಡರೆ ಜೈಲಿಲ್ಲ ಎಂದಿತು. ಕಂಪನಿ ಬಿಡಿಸಿಕೊಡಲೇಬೇಕು ಎನ್ನಲಿಲ್ಲ. ಉಳಿದರ್ಧ ದಾರಿಯನ್ನು ನಿಮ್ಮ ನಿಯಮಗಳು ತುಂಬಬೇಕಿತ್ತು. ಈಗ ಜನ ಒಬ್ಬೊಬ್ಬರಾಗಿ ಹೋರಾಡಬೇಕಾಗಿದೆ. ಕಳೆದ ವರ್ಷ ಗ್ರಾಹಕರೊಬ್ಬರು, ಫೋನ್ ಕೊಂಡ ಮೇಲೆ ಬದಲಾಯಿಸಿದ ಅನ್‌ಲಾಕ್ ನಿಯಮವನ್ನು ತಮ್ಮ ಮೇಲೆ ಹೇರಿದರೆಂದು ಸಣ್ಣ ದಾವೆಗಳ ಕೋರ್ಟಿಗೆ ಹೋಗಿ ಗೆದ್ದರು. ಗೆದ್ದದ್ದು ಸಂತೋಷ. ಆದರೆ ಕೆಲವು ನೂರು ಡಾಲರ್‌ಗಾಗಿ ತಿಂಗಳುಗಟ್ಟಲೆ ಅಲೆಯುವ ತಾಳ್ಮೆ, ಬಿಡುವು ಎಷ್ಟು ಜನರಿಗಿದೆ?

ಬೇರೆ ದೇಶಗಳು ಈ ಪ್ರಶ್ನೆಯನ್ನು ಬಗೆಹರಿಸಿಕೊಂಡಿವೆ. ಕೆನಡಾದ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನೆಲ್ಲ ಅನ್‌ಲಾಕ್ ಮಾಡಿಯೇ ಕೊಡಬೇಕು ಎಂದಿತು. ಅದರ ಹಿಂದಿನ ವರ್ಷ, ಅಂದರೆ 2016ರಲ್ಲಿ, ಅಲ್ಲಿನ ಕಂಪನಿಗಳು ಅನ್‌ಲಾಕ್ ಶುಲ್ಕ ಅಂತಲೇ 3.77 ಕೋಟಿ ಕೆನಡಾ ಡಾಲರ್ ಗಳಿಸಿದ್ದವು. ಬೀಗ ಹಾಕಿದ್ದೂ ಅವರೇ, ತೆಗೆಯಲು ದುಡ್ಡು ತೆಗೆದುಕೊಂಡದ್ದೂ ಅವರೇ. ಬ್ರಿಟನ್‌ನಲ್ಲಿ 2021ರ ಡಿಸೆಂಬರಿನಿಂದ ಲಾಕ್ ಆದ ಫೋನ್ ಮಾರುವುದನ್ನೇ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ನಿಲ್ಲಿಸಿತು. ಎರಡೂ ದೇಶಗಳಲ್ಲಿ ಜನ ಈಗಲೂ ಕಂತಿನಲ್ಲಿ ಫೋನ್ ಕೊಳ್ಳುತ್ತಾರೆ.

ನಮ್ಮ ಭಾರತದ ವಿಷಯವನ್ನೂ ಹೇಳಬೇಕು. ಅಲ್ಲಿ ಫೋನ್ ಒಂದು ಕಡೆ, ಸಿಮ್ ಒಂದು ಕಡೆ ಕೊಳ್ಳುವುದೇ ವಾಡಿಕೆ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಥರದ್ದು ಕೆಲವು ಬಿಟ್ಟರೆ ಲಾಕ್ ಎಂಬ ಪದವೇ ಜನಕ್ಕೆ ಹೊಸದು. 2011ರ ಜನವರಿಯಿಂದ ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ ದೇಶದೆಲ್ಲೆಡೆ ಇದೆ. ಫೋನ್ ಕಳ್ಳತನ ಅಲ್ಲೂ ಇದೆ. ಅದಕ್ಕೆ ಸಿಇಐಆರ್ ಎಂಬ ವ್ಯವಸ್ಥೆ ಮಾಡಿದ್ದಾರೆ. ಫೋನ್ ಕಳೆದುಕೊಂಡವರು ದೂರು ಕೊಟ್ಟರೆ ಆ ಐಎಂಇಐ ನಂಬರನ್ನು ಎಲ್ಲ ಕಂಪನಿಗಳ ನೆಟ್‌ವರ್ಕಿನಲ್ಲೂ ತಡೆಯುತ್ತಾರೆ. ನಮ್ಮ ಕರ್ನಾಟಕ ಪೊಲೀಸರು ಇದರಿಂದ ಎಷ್ಟೋ ಜನರ ಫೋನ್ ಹುಡುಕಿ ವಾಪಸ್ ಕೊಟ್ಟಿದ್ದಾರೆ. ಅಲ್ಲಿ ತಡೆ ಬೀಳುವುದು ಕದ್ದ ಫೋನಿಗೆ. ಕೊಂಡ ಫೋನಿಗಲ್ಲ.

ಆದರೆ ಅಲ್ಲೂ ಒಂದು ಗಾಳಿ ಬೀಸುತ್ತಿದೆ. ಕಂತು ಕಟ್ಟದವರ ಫೋನನ್ನು ಸಾಲ ಕೊಟ್ಟವರು ದೂರದಿಂದಲೇ ಲಾಕ್ ಮಾಡಲು ಬಿಡಬೇಕೇ ಎಂದು ರಿಸರ್ವ್ ಬ್ಯಾಂಕ್ ಯೋಚಿಸುತ್ತಿದೆ ಎಂಬ ಸುದ್ದಿ 2025ರಲ್ಲಿ ಬಂತು. ಸಾಲ ಕೊಟ್ಟವರು ಅಲ್ಲಿ ಹೇಳುವ ಕಾರಣ ಇಲ್ಲಿನದಕ್ಕೆ ತುಂಬ ಹತ್ತಿರ. ವಸೂಲಿ ಸುಲಭ ಆದರೆ ಬಡವರಿಗೆ ಸಾಲ ಸುಲಭವಾಗಿ ಸಿಗುತ್ತದಂತೆ. ಫೋನ್ ಲಾಕ್ ಆದರೆ ಆಟೋ ಓಡಿಸುವವನಿಗೆ ಬಾಡಿಗೆ ಇಲ್ಲ, ತರಕಾರಿಯವಳಿಗೆ ಯುಪಿಐ ಇಲ್ಲ. ದುಡಿಯುವ ದಾರಿ ಮುಚ್ಚಿ ಕಂತು ಕಟ್ಟು ಅಂದರೆ ಎಲ್ಲಿಂದ ಕಟ್ಟಬೇಕು? ನೀವು ಇಲ್ಲಿ ಏನು ಮಾಡುತ್ತೀರಿ ಎಂಬುದನ್ನು ಅಲ್ಲಿನವರು ನೋಡುತ್ತಾರೆ. ಅಮೆರಿಕದಲ್ಲೇ ಇದೆಯಲ್ಲ ಎಂಬ ಮಾತು ನಮ್ಮಲ್ಲಿ ಬೇಗ ನಡೆಯುತ್ತದೆ. ಅದಕ್ಕೇ ನನಗೆ ಹೆದರಿಕೆ.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಊರಿಗೆ ಹೊರಡುವ ಮುಂಚೆ, ಅದರಲ್ಲೂ ಹಳೆಯ ಫೋನನ್ನು ಅಪ್ಪನಿಗೋ ಅತ್ತಿಗೆಗೋ ಕೊಡಲು ಸೂಟ್‌ಕೇಸಿಗೆ ಹಾಕುವ ಮುಂಚೆ, ಲಾಕ್ ಇದೆಯಾ ನೋಡಿಕೊಳ್ಳಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋದರೆ ಕ್ಯಾರಿಯರ್ ಲಾಕ್ ಎಂಬಲ್ಲಿ ಬರೆದಿರುತ್ತದೆ. ಆಂಡ್ರಾಯ್ಡ್ ಆದರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಸುಲಭ. ಲಾಕ್ ಇದ್ದರೆ ಇಲ್ಲಿಂದಲೇ ಅರ್ಜಿ ಹಾಕಿ. ಅಲ್ಲಿಗೆ ಹೋದ ಮೇಲೆ ಹಾಕಿದರೆ ನನ್ನ ಹಾಗೆ ಆಗುತ್ತದೆ. ಮತ್ತು 24-186 ಕಡತಕ್ಕೆ ನಿಮ್ಮ ಅನುಭವವನ್ನೂ ಬರೆಯಿರಿ. ಎಫ್‌ಸಿಸಿಗೆ ಯಾರು ಬೇಕಾದರೂ ಬರೆಯಬಹುದು, ವಕೀಲರೇ ಆಗಬೇಕಿಲ್ಲ.

ಮಾನ್ಯರೇ, ಜನವರಿಯ ಆದೇಶದಲ್ಲಿ ನೀವೇ ಹೇಳಿದ್ದೀರಿ. ಇಡೀ ಉದ್ಯಮಕ್ಕೆ ಒಂದು ನಿಯಮದ ಬಗ್ಗೆ ತೀರ್ಮಾನ ಆಗುವವರೆಗೆ ಮಾತ್ರ ಈ ವಿನಾಯಿತಿ ಎಂದು. ಹಾಗಾದರೆ ತೀರ್ಮಾನ ಮಾಡಿ. ನಾನು ಕೇಳುವುದು ಕಂಪನಿಗಳು ತಾವೇ ಹೇಳುವ ಕಾರಣಗಳಿಗೆ ತಕ್ಕಷ್ಟನ್ನೇ. ಲಾಕ್ ಮೋಸಕ್ಕಾಗಿ ಆದರೆ, ಮೊದಲ ಎರಡು ಬಿಲ್ ಕಟ್ಟಿದ ದಿನ ಅದು ತಾನಾಗೇ ಹೋಗಲಿ. ಗ್ರಾಹಕರು ಕೇಳಿ, ಕಾದು, ಬೇಡಿ ತೆಗೆಸಿಕೊಳ್ಳುವ ಹಾಗೆ ಇರಬಾರದು. ಲಾಕ್ ರಿಯಾಯಿತಿಗಾಗಿ ಆದರೆ, ಇಷ್ಟು ಡಾಲರ್ ರಿಯಾಯಿತಿಗೆ ಇಷ್ಟು ದಿನ ಲಾಕ್, ಇವತ್ತು ಬಿಡಿಸಿಕೊಳ್ಳಬೇಕಾದರೆ ಇಷ್ಟು ಕಟ್ಟಿ ಎಂದು ಬಿಲ್ಲಿನ ಮೇಲೇ ದಪ್ಪ ಅಕ್ಷರದಲ್ಲಿ ಬರೆಯಲಿ. ದಿನ ಕಳೆದಂತೆ ಆ ಮೊತ್ತ ಇಳಿಯಲಿ. ಕಂತು ಸರಿಯಾಗಿ ಕಟ್ಟುತ್ತಿರುವವರು ಹೊರದೇಶಕ್ಕೆ ಹೋಗುವಾಗ ಅಲ್ಲಿನ ಸಿಮ್ ಹಾಕಿಕೊಳ್ಳಲು ಬಿಡಲಿ. ಸೈನಿಕರಿಗೆ ಇರುವ ದಾರಿ ಮನೆಯಲ್ಲಿ ಸಾವು, ಕಾಯಿಲೆ ಆದವರಿಗೂ ಇರಲಿ.

ಇವ್ಯಾವುದೂ ಆಗುವುದಿಲ್ಲ ಎಂದು ಕಂಪನಿಗಳು ಹೇಳಿದರೆ, ಯಾಕೆ ಆಗುವುದಿಲ್ಲ ಎಂದು ಕೇಳಿ. ಬಂದ ಉತ್ತರವನ್ನು ಅದೇ ಕಡತದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿ. ನಾನು ಅದನ್ನು ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತೇನೆ. ಅವರು ಇನ್ನೂ ಕೇಳುತ್ತಲೇ ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಕೊಲಂಬಸ್‌ನಿಂದ ಮೈಸೂರಿನ ಒಬ್ಬ ಮಗಳು